ಒಂದು ವಾರ ಮಿಂಚು, ಮರುವಾರ ಮಂಕು: ಫುಟ್‌ಬಾಲ್ ಆಟಗಾರನೊಬ್ಬನ ಪ್ರಕರಣ

ಮೆಲ್ಬರ್ನ್‌ನ ಈ ಯುವಕನಿಗೆ 22 ವರ್ಷ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿ, ಆತನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಚೆಂಡನ್ನು ಕೈಯಲ್ಲಿ ಹಿಡಿದೂ ಆಡುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ಅತ್ಯುನ್ನತ ಲೀಗಾದ ಎಎಫ್‌ಎಲ್‌ನ ಕ್ಲಬ್ಬೊಂದಕ್ಕೆ ಆತ 18ನೇ ವಯಸ್ಸಿನಲ್ಲೇ ಡ್ರಾಫ್ಟ್ ಮೂಲಕ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯಲ್ಲಿ, ಆಯ್ಕೆಯಾಗಿದ್ದ. ಆಗಸ್ಟ್ ಕೊನೆಯಲ್ಲಿ, ಆಟಗಾರರಿಗೆ ಮಾನಸಿಕ ಸಲಹೆ ನೀಡುವ ನನ್ನ ಬಳಿ ಬಂದಾಗ ಕರಾರು ಮುಗಿಯುತ್ತ ಬಂದಿತ್ತು. ಬೆರಳಿಗೆ ಸುತ್ತಿದ್ದ ಟೇಪನ್ನು ಬಿಚ್ಚಿ ಉಂಡೆ ಮಾಡುತ್ತಲೇ, "ಪ್ರತಿಭೆ ಇದೆ, ಪ್ರತಿಭೆ ಇದೆ ಎಂದು ನಾಲ್ಕು ವರ್ಷದಿಂದ ಹೇಳುತ್ತಿದ್ದಾರೆ. ಆ ಮಾತು ಕಿವಿಗೆ ಬಿದ್ದರೆ ಈಗ ಹೊಟ್ಟೆ ತೊಳಸುತ್ತದೆ" ಎಂದ.

ಮೇ ತಿಂಗಳ ಒಂದು ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದಿದ್ದವನು ಮರುವಾರ ಚೆಂಡನ್ನು ಮುಟ್ಟಿದ್ದೇ ಅಪರೂಪ. ಆಮೇಲೆ ಎರಡನೇ ದರ್ಜೆಯ ವಿಎಫ್‌ಎಲ್‌ ತಂಡಕ್ಕೆ ಇಳಿದ, ಮತ್ತೆ ಏರಿದ, ಮತ್ತೆ ಇಳಿದ. ತಲೆಗೆ ಪೆಟ್ಟು ಬಿದ್ದು ಕನ್‌ಕಶನ್ (ಮಿದುಳಿಗೆ ಆಘಾತ) ಆದವರು ಕನಿಷ್ಠ 12 ದಿನ ಪಂದ್ಯದಿಂದ ಹೊರಗಿರಬೇಕೆಂಬ ನಿಯಮವಿರುವ ಆಟವಿದು. ಏಕಾಗ್ರತೆ ಕೆಟ್ಟಿದೆ ಎನ್ನುವವರಲ್ಲಿ ನಾನು ಮೊದಲು ವಿಚಾರಿಸುವುದೂ ಅದನ್ನೇ. ಆತನಿಗೆ ಅಂಥ ಪೆಟ್ಟಾಗಿರಲಿಲ್ಲ. ಖಿನ್ನತೆಯ ಲಕ್ಷಣಗಳೂ ಕಾಣಲಿಲ್ಲ.

23 ಪಂದ್ಯಗಳ ವೇಳಾಪಟ್ಟಿಯನ್ನು ಮೇಜಿನ ಮೇಲೆ ಹರಡಿ, ತಾನು ಚೆನ್ನಾಗಿ ಆಡಿದ ದಿನಗಳಿಗೆ ಹಸಿರು, ಸೋತ ದಿನಗಳಿಗೆ ಕೆಂಪು ಬಣ್ಣ ಹಚ್ಚುವಂತೆ ಹೇಳಿದೆ. ಎಷ್ಟು ಸಲ ಚೆಂಡು ಕೈಗೆ ಸಿಕ್ಕಿತು ಎಂಬ ಒಂದೇ ಲೆಕ್ಕದಲ್ಲಿ ಆತ ಬಣ್ಣ ಹಚ್ಚಿದ. ಪ್ರತಿ ಪಂದ್ಯದ ಪಕ್ಕದಲ್ಲಿ ಅಂದು ವಹಿಸಿದ್ದ ಜವಾಬ್ದಾರಿಯನ್ನು ಬರೆಸಿದಾಗ, ಕೆಂಪು ಬಿದ್ದಿದ್ದ ಒಂಬತ್ತರಲ್ಲಿ ನಾಲ್ಕು ದಿನ, ಗಾಯಗೊಂಡ ಮತ್ತೊಬ್ಬರ ಬದಲಿಗೆ ಆತನನ್ನು ವಿಂಗ್‌ನಲ್ಲಿ, ಅಂದರೆ ಮೈದಾನದ ಅಂಚಿನಲ್ಲಿ ಜಾಗ ಕಾಯಲು ನಿಲ್ಲಿಸಿದ್ದರೆಂಬುದು ಹೊರಬಂತು. ಕಾಯುವ ಕೆಲಸ ಕೊಟ್ಟ ದಿನ ಚೆಂಡು ಕಡಿಮೆ ಸಿಕ್ಕಿದ್ದನ್ನು ಸೋಲೆಂದು ಬರೆದುಕೊಳ್ಳುವುದು ತನಗೆ ತಾನೇ ಮಾಡಿಕೊಂಡ ಅನ್ಯಾಯ.

ಉಳಿದ ಐದು ಮಾತ್ರ ನಿಜವಾದ ಕುಸಿತಗಳೇ, ಮತ್ತು ಐದೂ ಒಂದೇ ಅಚ್ಚಿನವು. ಈ ಆಟದಲ್ಲಿ ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದವನು ಗುರಿಯಿಟ್ಟು ಒದೆಯಲು 30 ಸೆಕೆಂಡು ಪಡೆಯುತ್ತಾನೆ. ನಡುವಿನ ಎತ್ತರದ ಕಂಬಗಳ ನಡುವೆ ಹೋದರೆ ಆರು ಅಂಕ, ಪಕ್ಕಕ್ಕೆ ಜಾರಿದರೆ ಒಂದೇ. ಜಾರಿದ ಕೂಡಲೇ ಎದುರಾಳಿ ಚೆಂಡನ್ನು ಆಟಕ್ಕೆ ತರುವುದರಿಂದ ಮುಂಚೂಣಿಯವನು ಅತಿ ಹೆಚ್ಚು ಓಡಬೇಕಾದದ್ದು ಆ ಕ್ಷಣದಲ್ಲಿ. ವೀಡಿಯೊದಲ್ಲಿ ಆತ ಸೊಂಟದ ಮೇಲೆ ಕೈಯಿಟ್ಟು ಕಂಬವನ್ನೇ ನೋಡುತ್ತ ನಿಂತಿದ್ದ, ಎದುರಾಳಿ ಬೆನ್ನ ಹಿಂದಿನಿಂದ ದಾಟಿಹೋಗುತ್ತಿದ್ದ. ಎಣಿಸುವಂತೆ ಹೇಳಿದೆ. ಹನ್ನೊಂದು ಸೆಕೆಂಡು.

ಆದ್ದರಿಂದ ನನ್ನ ಸಲಹೆ ಆತ್ಮವಿಶ್ವಾಸದ ಕುರಿತಾಗಿರಲಿಲ್ಲ. ತಪ್ಪನ್ನು ಮರೆಯುವ ಪ್ರಯತ್ನ ಬೇಡ. ಗುರಿ ತಪ್ಪಿದೊಡನೆ ಕಾಲುಚೀಲ ಎಳೆದು, ಹತ್ತಿರದ ಎದುರಾಳಿಯ ಅಂಗಿಯ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಿ ಓಡಬೇಕು, ಇದನ್ನು ಅಭ್ಯಾಸದಲ್ಲಿ ಬೇಕೆಂದೇ ಗುರಿ ತಪ್ಪಿಸಿ ರೂಢಿಸಿಕೊಳ್ಳಬೇಕು ಎಂದೆ. ಪ್ರತಿ ವಾರ ತನ್ನಿಂದ ನಿರೀಕ್ಷಿಸುವ ಮೂರು ಕೆಲಸಗಳನ್ನು ಕೋಚ್ ಬಳಿ ಬರೆಸಿಕೊಂಡು, ಅವುಗಳಿಂದಲೇ ಪಂದ್ಯವನ್ನು ಅಳೆಯಲು ತಿಳಿಸಿದೆ. ಪಂದ್ಯ ಮುಗಿಸಿ ಮನೆಗೆ ಹೋಗುವಾಗ ಕಾರಿನಲ್ಲಿ ತಂದೆ ನಡೆಸುತ್ತಿದ್ದ ವಿಮರ್ಶೆಯನ್ನು ಎರಡು ದಿನ ಮುಂದೂಡುವಂತೆ ಅವರನ್ನೇ ಕೇಳಿಕೊಂಡೆ. ಮಗನ ಮೇಲಿನ ಅಕ್ಕರೆಯಿಂದಲೇ ಮಾತಾಡುತ್ತಿದ್ದ ಅವರು ತಕ್ಷಣ ಒಪ್ಪಿದರು.

ಸಾಮರ್ಥ್ಯದ ಪ್ರಶ್ನೆ ಕಷ್ಟದ್ದಾಗಿತ್ತು. ಆಟದ ಯೋಗ್ಯತೆಯನ್ನು ನಿರ್ಣಯಿಸುವವಳು ನಾನಲ್ಲ, ಆದರೆ ಪಟ್ಟಿಯ ಹಸಿರು ಪಂದ್ಯಗಳೆಲ್ಲವೂ ಗೋಲಿನ ಸಮೀಪ ಆಡಿದವು ಎಂಬುದನ್ನು ತೋರಿಸದೆ ಇರಲಾಗಲಿಲ್ಲ. ಮೈದಾನದ ನಡುವೆ ಮೆರೆಯುವ ತಾರೆಯಾಗುತ್ತೀಯೆಂದು 18ರಲ್ಲಿ ಕೇಳಿದ್ದ ಭವಿಷ್ಯವನ್ನು ಕೈಬಿಟ್ಟು, ಹಾಫ್ ಫಾರ್ವರ್ಡ್‌ನ, ಅಂದರೆ ಮೈದಾನದ ನಡುಭಾಗಕ್ಕೂ ಗೋಲಿಗೂ ಮಧ್ಯೆ ಆಡುವ ಮುಂಚೂಣಿಯವನ, ಚಿಕ್ಕದಾದರೂ ಖಚಿತವಾದ ಪಾತ್ರವನ್ನು ಒಪ್ಪಿಕೊಳ್ಳುವಾಗ ಆತ ಅತ್ತ. ಅಳಲು ಬಿಟ್ಟೆ. ಅರ್ಧಕ್ಕೆ ನಿಲ್ಲಿಸಿದ್ದ ಎಲೆಕ್ಟ್ರಿಷಿಯನ್ ತರಬೇತಿಯನ್ನು ಮುಂದುವರಿಸುವ ಮಾತು ಬಂದದ್ದು ಅದೇ ದಿನ, ಆತನ ಬಾಯಿಂದಲೇ.

ಕ್ಲಬ್ ಒಂದು ವರ್ಷದ ಕರಾರು ಕೊಟ್ಟಿತು. ಮಾರ್ಚ್‌ನ ಮೊದಲ ಪಂದ್ಯದಲ್ಲಿ ಎರಡು ಸಲ ಗುರಿ ತಪ್ಪಿತು. ಮೊದಲ ಸಲ ಓಡಿದ, ಎರಡನೆಯ ಸಲ ಮತ್ತೆ ನಿಂತುಬಿಟ್ಟ. ಆ ತುಣುಕನ್ನು ಆತನೇ ಕಳುಹಿಸಿ ಕೆಳಗೆ ಬರೆದಿದ್ದ: ಐದು ಸೆಕೆಂಡು.