ಮೆಚ್ಚಿನ ಲೇಖಕರ ಹಸಿ ಕಾದಂಬರಿ ಓದುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ವಿಜ್ಞಾನ ಕಾದಂಬರಿಕಾರ ಆರ್ಥರ್ ಸಿ. ಕ್ಲಾರ್ಕ್ ಅಂದ್ರ ನನಗ ಪಂಚಪ್ರಾಣ. ‘ದ ಸಿಟಿ ಅಂಡ್ ದ ಸ್ಟಾರ್ಸ್’ ಓದಿ ಹುಚ್ಚಾಗಿದ್ದೆ. ಈಗ ಅವರ ಮೊದಲಿನ ‘ಅಗೇನ್‌ಸ್ಟ್ ದ ಫಾಲ್ ಆಫ್ ನೈಟ್’ ಹಿಡದೇನಿ. ಅದ ಊರು, ಅದ ಹುಡುಗ, ಆದ್ರ ಭಾಳ ಸಪ್ಪಗ ಅನಸ್ತದ. ಮುಂದ ಓದಲೋ, ಬಿಡಲೋ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬಿಡಬೇಡಿ, ಓದುವ ರೀತಿ ಬದಲಿಸಿ. ಈಗ ಹಿಡಿದಿರುವುದನ್ನೇ ಕ್ಲಾರ್ಕ್ ಆಮೇಲೆ ‘ದ ಸಿಟಿ ಅಂಡ್ ದ ಸ್ಟಾರ್ಸ್’ ಆಗಿ ಮತ್ತೆ ಬರೆದರು, ಹಾಗಾಗಿ ಕಥೆ ಎಲ್ಲಿಗೆ ಹೋಗುತ್ತದೆಂದು ನಿಮಗೆ ಮೊದಲೇ ಗೊತ್ತು. ಅದನ್ನೇ ಕುತೂಹಲಕ್ಕಾಗಿ ಓದಿದರೆ ಸಪ್ಪಗಾಗದೆ ಇನ್ನೇನು? ಎರಡೂ ಪುಸ್ತಕ ಮಗ್ಗುಲಲ್ಲಿ ಇಟ್ಟುಕೊಂಡು ಮೂರು ಕಡೆ ಮಾತ್ರ ಹೋಲಿಸಿ ನೋಡಿ.

ಮೊದಲನೆಯದು ಆರಂಭ. ಹಳೆಯದರಲ್ಲಿ ಡಯಾಸ್ಪರ್ ನಗರದ ಜನ ಇದ್ದ ಕೆಲಸ ಬಿಟ್ಟು ಬಂದು ಆಕಾಶ ನೋಡುತ್ತ ನಿಲ್ಲುತ್ತಾರೆ. ಒಣಗಿದ ಭೂಮಿಯ ಮೇಲೆ ಒಂದು ಮೋಡ ಬಂದಿದೆ, ಅಷ್ಟೇ. ಹೊಸದರಲ್ಲಿ ಆ ಮೋಡವಿಲ್ಲ. ಕಥಾನಾಯಕ ಆಲ್ವಿನ್ ಮತ್ತು ಗೆಳೆಯರು ಯಂತ್ರ ಕಟ್ಟಿಕೊಟ್ಟ ಸಾಹಸದ ಆಟದೊಳಗಿದ್ದಾರೆ. ಆಲ್ವಿನ್ ಗುಹೆಯಿಂದ ಹೊರಗೆ ಹೋಗೋಣ ಅನ್ನುತ್ತಾನೆ, ಆಟ ಮುರಿದುಬೀಳುತ್ತದೆ, ಗೆಳೆಯರು ಸಿಟ್ಟಾಗುತ್ತಾರೆ. ಓದಲು ಚಂದ ಮೋಡದ ಪುಟವೇ, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಹುಡುಗನ ಹೊರಹೋಗುವ ತವಕ, ಊರವರಿಗೆ ಹೊರಗಿನ ಬಗ್ಗೆ ಇರುವ ಭಯ, ಎರಡೂ ಆಟದ ಆ ಒಂದೇ ಘಟನೆಯಲ್ಲಿ ಬಂದುಬಿಡುತ್ತವೆ. ಕಥೆಗೆ ಗಟ್ಟಿ ಅಡಿಪಾಯ ಬೇಕೆಂದು ಲೇಖಕರು ತಮ್ಮ ಅತಿ ಸುಂದರ ಪುಟವನ್ನೇ ಕೈಬಿಟ್ಟರು. ಹೊಸದನ್ನಷ್ಟೇ ಓದಿದವರಿಗೆ ಇದು ಕಾಣುವುದೇ ಇಲ್ಲ.

ಎರಡನೆಯದು, ನಗರದಿಂದ ಹೊರದಾರಿ ಸಿಗುವ ಭಾಗ. ಹಳೆಯದರಲ್ಲಿ ದಾಖಲೆಪಾಲಕ ರಾರ್ಡನ್ ನೆರವಾಗುತ್ತಾನೆ. ಒಳ್ಳೆಯವನು, ಅದೇ ತೊಂದರೆ: ಇಬ್ಬರ ನಡುವೆ ತಿಕ್ಕಾಟವೇ ಇಲ್ಲ, ಪುಟಗಳು ಸಲೀಸಾಗಿ ಜಾರಿಹೋಗುತ್ತವೆ. ನಿಮಗೆ ಬೇಸರ ಬಂದದ್ದು ಬಹುಶಃ ಇಲ್ಲೇ. ಹೊಸದರಲ್ಲಿ ಆ ಜಾಗಕ್ಕೆ ವಿದೂಷಕ ಖೆಡ್ರನ್ ಬರುತ್ತಾನೆ. ತಾನೇ ದಾರಿ ತೋರಿಸಿ, ಆಮೇಲೆ ಆದದ್ದಕ್ಕೆ ತಾನೇ ಹೆದರಿ ತಪ್ಪಿಸಿಕೊಳ್ಳುತ್ತಾನೆ.

ಮೂರನೆಯದು ಆಲ್ವಿನ್ ಹುಟ್ಟು. ಅದು ಮುಂದಿನ ಪ್ರಶ್ನೆಗೇ ಸೇರಿದ್ದು. ಒಂದು ಎಚ್ಚರಿಕೆ: ವಿಶ್ವದ ಹಳೆಯ ಇತಿಹಾಸವನ್ನು ಭಾಷಣದಂತೆ ಬಿಚ್ಚಿಡುವ ಕೊನೆಯ ಭಾಗ ಎರಡರಲ್ಲೂ ಭಾರವೇ. ತಿದ್ದಿ ಬರೆದರೂ ಹೋಗದ ದೋಷ ಅದು. ಅಲ್ಲಿ ಎಳೆದಾಡಿದಂತೆ ಅನಿಸಿದರೆ ತಪ್ಪು ನಿಮ್ಮದಲ್ಲ.

ಪ್ರಶ್ನೆ: ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಎಂದು ನಮ್ಮ ಊರಿನ ಕುಮಾರವ್ಯಾಸ ಹೆಮ್ಮೆಪಟ್ಟ. ಅಚ್ಚಾದ ಕಾದಂಬರಿಯನ್ನೇ ಕ್ಲಾರ್ಕ್ ಮತ್ತೆ ಬರೆದದ್ದೇಕೆ? ಹಳೆಯದು ಈಗ ಯಾವ ರೂಪದಲ್ಲಿ ಸಿಗುತ್ತದೆ?
– ಓದುಗರೊಬ್ಬರು, ಗದಗ

ಉತ್ತರ: ಕ್ಲಾರ್ಕ್ ಹಳೆಯದನ್ನು ಶುರುಮಾಡಿದ್ದು 1937ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ. ನಾಲ್ಕೈದು ಕರಡುಗಳಾಗಿ ಮುಗಿದದ್ದು 1946ರಲ್ಲಿ. 1948ರ ನವೆಂಬರಿನ ‘ಸ್ಟಾರ್ಟ್‌ಲಿಂಗ್ ಸ್ಟೋರೀಸ್’ ಪತ್ರಿಕೆಯಲ್ಲಿ ಬಂತು, 1953ರಲ್ಲಿ ಪುಸ್ತಕವಾಯಿತು. ಮೊದಲ ಕಾದಂಬರಿಗೆ ಇರುವ ಕುಂದುಗಳೆಲ್ಲ ಹೆಚ್ಚುಕಡಿಮೆ ಅದರಲ್ಲಿವೆ ಎಂದು ಹೊಸದರ ಮುನ್ನುಡಿಯಲ್ಲಿ ಅವರೇ ಬರೆದಿದ್ದಾರೆ. ಆಸ್ಟ್ರೇಲಿಯಾಕ್ಕೆ ಹೋಗುವ ದೀರ್ಘ ಹಡಗುಪ್ರಯಾಣದಲ್ಲಿ ಮತ್ತೆ ಬರೆಯಲು ಪುರುಸೊತ್ತು ಸಿಕ್ಕಿತು. 1956ರಲ್ಲಿ ಹೊಸದು ಹೊರಬಂತು.

ಭಾಷೆ ತಿದ್ದುವುದಷ್ಟೇ ಉದ್ದೇಶವಾಗಿರಲಿಲ್ಲ. ನಡುವೆ, 1948ರಲ್ಲಿ, ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ ಮಾಹಿತಿ ಸಿದ್ಧಾಂತದ ಪ್ರಬಂಧ ಪ್ರಕಟಿಸಿದ್ದರು. ಯಾವ ಸಂಗತಿಯನ್ನೂ ಬಿಟ್‌ಗಳಲ್ಲಿ, ಅಂದರೆ ಸೊನ್ನೆ-ಒಂದುಗಳ ಲೆಕ್ಕದಲ್ಲಿ, ಅಳೆದು, ಕೂಡಿಟ್ಟು, ಕೆಡದಂತೆ ಮತ್ತೆ ತೆಗೆಯಬಹುದು ಎಂಬ ವಿಚಾರ ಗಟ್ಟಿಯಾಯಿತು. ಹಳೆಯ ಡಯಾಸ್ಪರ್‌ನಲ್ಲಿ ಜನ ಬರೀ ಅತಿ ದೀರ್ಘಾಯುಷಿಗಳು, ಆಲ್ವಿನ್ ಏಳು ಸಾವಿರ ವರ್ಷಗಳಲ್ಲಿ ಹುಟ್ಟಿದ ಒಂದೇ ಮಗು. ಹೊಸದರಲ್ಲಿ ಜನರೇ ಮಾಹಿತಿ: ನಗರದ ಸ್ಮೃತಿಕೋಶದಲ್ಲಿ ಮಲಗಿದ್ದು, ಸರದಿ ಬಂದಾಗ ಮತ್ತೆ ದೇಹ ಪಡೆದು ಹೊರಬರುತ್ತಾರೆ. ಆಲ್ವಿನ್ ಅಲ್ಲಿ ಹಿಂದೆ ಎಂದೂ ಬದುಕಿಲ್ಲದವನು, ಆದ್ದರಿಂದಲೇ ಅವನಿಗೆ ಹೊರಗಿನ ಭಯವಿಲ್ಲ. ಹಳೆಯದರಲ್ಲಿ ಕಾರಣ ತೆಳುವಾಗಿತ್ತು, ಹೊಸದರಲ್ಲಿ ಆ ಕಾರಣವೇ ಕಥೆಯನ್ನು ಹೊತ್ತಿದೆ.

ಕೊಳ್ಳುವಾಗ ಮುಖಪುಟ ನಂಬಬೇಡಿ, ಕಾಪಿರೈಟ್ ಪುಟ ತೆರೆದು ನೋಡಿ. 1968ರಲ್ಲಿ ಹಳೆಯದು ‘ದ ಲಯನ್ ಆಫ್ ಕಮಾರ್’ ಎಂಬ ನೀಳ್ಗತೆಯ ಜೊತೆ ಒಂದೇ ಸಂಪುಟವಾಗಿ ಬಂತು, ಅದು ಒಳ್ಳೆಯ ಆಯ್ಕೆ. 1990ರ ‘ಬಿಯಾಂಡ್ ದ ಫಾಲ್ ಆಫ್ ನೈಟ್’ನಲ್ಲಿ ಮೂಲ ಕಾದಂಬರಿಯ ಹಿಂದೆ ಗ್ರೆಗರಿ ಬೆನ್‌ಫರ್ಡ್ ಬರೆದ ಮುಂದಿನ ಭಾಗ ಸೇರಿದೆ. ಕ್ಲಾರ್ಕ್ ಭಾಗ ಮುಗಿದಲ್ಲಿ ಪುಸ್ತಕ ಮುಚ್ಚಿದರೂ ನಷ್ಟವಿಲ್ಲ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಐಸಾಕ್ ಅಸಿಮೋವ್ ಅವರ ಮೊದಲ ಕಾದಂಬರಿ ‘ಪೆಬಲ್ ಇನ್ ದ ಸ್ಕೈ’ನಲ್ಲಿ ಅಣುಯುದ್ಧದಿಂದಾಗಿ ಭೂಮಿಯ ನೆಲವೆಲ್ಲ ವಿಕಿರಣಶೀಲ. ಇಂಥ ತಪ್ಪು ವಿಜ್ಞಾನವನ್ನು ಮಕ್ಕಳ ಕೈಗೆ ಕೊಡಬಹುದೇ?
– ಶಿಕ್ಷಕರು, ಹಾವೇರಿ

ಉತ್ತರ: ಖಂಡಿತ ಕೊಡಿ, ಜೊತೆಗೆ ಲೆಕ್ಕವನ್ನೂ ಕೊಡಿ. ಪುಸ್ತಕ ಬಂದದ್ದು 1950ರಲ್ಲಿ, ಹಿರೋಶಿಮಾ ಆಗಿ ಐದೇ ವರ್ಷಕ್ಕೆ. ಬಾಂಬಿನ ಧೂಳಿನಲ್ಲಿರುವ ಸೀಸಿಯಂ-137ರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಹಿಡಿಯುವ ಕಾಲ, ಸುಮಾರು 30 ವರ್ಷ. ಹತ್ತು ಅರ್ಧಾಯುಷ್ಯ, ಅಂದರೆ 300 ವರ್ಷ ಕಳೆದರೆ ಉಳಿಯುವುದು 1,024ರಲ್ಲಿ ಒಂದು ಪಾಲು. ಕಾದಂಬರಿ ನಡೆಯುವುದು ಸಾವಿರಾರು ವರ್ಷಗಳ ನಂತರ. ಹಾಗಾದರೆ ಯುರೇನಿಯಂ-238 ಇರಬಹುದೇ? ಅದರ ಅರ್ಧಾಯುಷ್ಯ ಸುಮಾರು 450 ಕೋಟಿ ವರ್ಷ. ಅಷ್ಟು ನಿಧಾನವಾಗಿ ಕ್ಷಯಿಸುವುದರಿಂದಲೇ ಒಂದೊಂದು ಗ್ರಾಂ ಸೂಸುವ ವಿಕಿರಣ ಕಡಿಮೆ. ಪ್ರಖರವಾದದ್ದು ಬಾಳುವುದಿಲ್ಲ, ಬಾಳುವುದು ಪ್ರಖರವಲ್ಲ: ಈ ಎಳೆಯನ್ನು ಒಂಬತ್ತು, ಹತ್ತನೆಯ ತರಗತಿಯವರು ತಾವೇ ಹಿಡಿಯುತ್ತಾರೆ. 1985ರ ‘ರೋಬಾಟ್ಸ್ ಅಂಡ್ ಎಂಪೈರ್’ನಲ್ಲಿ ಅಸಿಮೋವ್ ಯುದ್ಧದ ಕಾರಣವನ್ನು ಬಿಟ್ಟು, ಭೂಗರ್ಭದ ವಿಕಿರಣವನ್ನೇ ನಿಧಾನಕ್ಕೆ ಏರಿಸುವ ಯಂತ್ರವೊಂದನ್ನು ತಂದರು. ಮೊದಲು ಲೆಕ್ಕ ಮಾಡಿಸಿ, ಆಮೇಲೆ ಈ ತಿದ್ದುಪಡಿ ಹೇಳಿ.

ಪ್ರಶ್ನೆ: ಮಗಳಿಗೆ ಅರ್ಸುಲಾ ಲೆ ಗ್ವಿನ್ ಓದಿಸಬೇಕು. ಬರೆದ ಕ್ರಮದಲ್ಲೇ, ‘ರೊಕ್ಯಾನನ್ಸ್ ವರ್ಲ್ಡ್’ನಿಂದ ಶುರುಮಾಡಲೇ?
– ತಾಯಿಯೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ಬೇಡ್ರಿ. ಮೊದಲು 1969ರ ‘ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಓದಲಿ, ರುಚಿ ಹತ್ತಿದ ಮೇಲೆ ಹಿಂದಕ್ಕೆ ಬರಲಿ. 1966ರ ‘ರೊಕ್ಯಾನನ್ಸ್ ವರ್ಲ್ಡ್’ನ ಪೀಠಿಕೆ 1964ರಲ್ಲೇ ಅಚ್ಚಾಗಿದ್ದ ಒಂದು ಬಿಡಿ ಕಥೆ. ಅದರ ಜಾನಪದದ ಲಯ ಮುಗಿದು ಕಾದಂಬರಿ ಶುರುವಾಗುವಲ್ಲಿ ಬೆಸುಗೆ ಕಾಣುತ್ತದೆ. ನಾಯಕನನ್ನು ಕಂಬಕ್ಕೆ ಕಟ್ಟಿ ಸುಡುತ್ತಾರೆ, ಅವನ ರಕ್ಷಾಕವಚ ಅವನನ್ನು ಉಳಿಸುತ್ತದೆ. ಪುರಾಣವೂ ವಿಜ್ಞಾನವೂ ಅಲ್ಲಿ ಇನ್ನೂ ಹದವಾಗಿ ಬೆರೆತಿಲ್ಲ. ಆದರೆ ಎಷ್ಟೇ ದೂರವಿದ್ದರೂ ತಕ್ಷಣ ಸಂದೇಶ ಮುಟ್ಟಿಸುವ ‘ಆನ್ಸಿಬಲ್’ ಯಂತ್ರ ಮೊದಲು ಬರುವುದು ಇಲ್ಲೇ. ಅದರ ಹಿಂದಿನ ಭೌತಶಾಸ್ತ್ರವನ್ನೂ ಅದನ್ನು ಕಂಡವನ ಬದುಕನ್ನೂ ಲೆ ಗ್ವಿನ್ 1974ರ ‘ದ ಡಿಸ್ಪೊಸೆಸ್ಡ್’ನಲ್ಲಿ ಕಟ್ಟಿದರು. ಈ ಎರಡನ್ನೂ ಬೆನ್ನುಬೆನ್ನಿಗೆ ಓದಿಸಿ. ಮೊದಲ ಮೂರು ಕಾದಂಬರಿಗಳು ‘ವರ್ಲ್ಡ್ಸ್ ಆಫ್ ಎಕ್ಸೈಲ್ ಅಂಡ್ ಇಲ್ಯೂಶನ್’ ಎಂಬ ಒಂದೇ ಸಂಪುಟದಲ್ಲಿ ಸಿಗುತ್ತವೆ.

ಪ್ರಶ್ನೆ: ಇಂಥದೇ ಹಳೇ ಪೇಪರ್‌ಬ್ಯಾಕ್ ಒಂದು ಸೆಕೆಂಡ್‌ಹ್ಯಾಂಡ್ ತಗೊಂಡೆ. ತೆರೆದಲ್ಲೆಲ್ಲ ಹಾಳೆ ಕಿತ್ತು ಬರ್ತಾವ. ಸೆಲೋಟೇಪ್ ಹಚ್ಚಲೇನು?
– ಓದುಗರೊಬ್ಬರು, ರಾಣೇಬೆನ್ನೂರು

ಉತ್ತರ: ಹಚ್ಚಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಇಂಥ ಪುಸ್ತಕಗಳ ಬೆನ್ನಿಗೆ ಹೊಲಿಗೆಯಿಲ್ಲ, ಬರೀ ಅಂಟು. ಅದು ಒಣಗಿ ಗಡುಸಾದ ಮೇಲೆ ಪೂರ್ತಿ ಅಗಲಿಸಿ ತೆರೆದರೆ ಬಿರುಕು ಬಿಡುತ್ತದೆ. ಬಿಡಿ ಹಾಳೆಯ ಒಳ ಅಂಚಿಗೆ 2 ಮಿ.ಮೀ. ಅಗಲದಷ್ಟೇ ಬಿಳಿ ಫೆವಿಕಾಲ್ ಅನ್ನು ಸಣ್ಣ ಕುಂಚದಿಂದ ತೆಳುವಾಗಿ ಸವರಿ, ಜಾಗಕ್ಕೆ ಕೂಡಿಸಿ, ಎರಡೂ ಬದಿಗೆ ಬಟರ್ ಪೇಪರ್ ಇಟ್ಟು, ರಾತ್ರಿಯಿಡೀ ಭಾರದ ಕೆಳಗೆ ಬಿಡಿ. ಅಂಟು ಹೆಚ್ಚಾದರೆ ಪಕ್ಕದ ಹಾಳೆಯೂ ಹಿಡಿದುಕೊಳ್ಳುತ್ತದೆ. ಒಂದು ಸಲಕ್ಕೆ ಎರಡು ಮೂರು ಹಾಳೆಗಿಂತ ಹೆಚ್ಚು ಬೇಡ. ಓದುವಾಗ ಪುಸ್ತಕವನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತೆರೆದು ಕೈಯಲ್ಲೇ ಹಿಡಿಯಿರಿ, ಮೇಜಿನ ಮೇಲೆ ಅಂಗಾತ ಒತ್ತಬೇಡಿ. ಮಳೆಗಾಲದಲ್ಲಿ ಗೋಡೆಗೆ ತಾಗಿದ ಕಪಾಟಿನಿಂದ ಅದನ್ನು ದೂರ ಇಡಿ.