ಸಿಂಗಪುರಕ್ಕೆ ಬರುವಾಗ ಗಸಗಸೆ ಬಿಟ್ಟು ಬನ್ನಿ, ಮಿಕ್ಸಿ ತನ್ನಿ

ಮುಂದಿನ ತಿಂಗಳು ಸಿಂಗಪುರಕ್ಕೆ ಬರುತ್ತಿದ್ದೀರಿ, ಜೊತೆಗೆ ಅತ್ತೆಯವರೂ ಇರುತ್ತಾರೆ, ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಮಕ್ಕಳು ಮಾತ್ರ ಇಲ್ಲಿನ ಊಟ ರೂಢಿ ಮಾಡಿಕೊಳ್ಳಲಿ ಅಂತ ನಿಮ್ಮ ಆಸೆ. ಏನೇನು ಕಟ್ಟಿಕೊಂಡು ಬರಲಿ ಅಂತ ಕೇಳಿದ್ದೀರಿ. ಕಟ್ಟಿಕೊಳ್ಳಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ.

ಗಸಗಸೆ ಬೇಡ. ಅದರಲ್ಲಿ ಮಾರ್ಫಿನ್ ಅಂಶ ಇರಬಹುದೆಂದು ಇಲ್ಲಿನ ಮಾದಕವಸ್ತು ನಿಯಂತ್ರಣ ಇಲಾಖೆ ಅದನ್ನು ನಿಷೇಧಿತ ಪಟ್ಟಿಯಲ್ಲಿ ಇಟ್ಟಿದೆ. ಪೊಟ್ಟಣ ಒಂದನ್ನೇ ತೆಗೆದಿಟ್ಟರೆ ಸಾಲದು, ಮನೆಯಲ್ಲಿ ಕುಟ್ಟಿದ ಬಿಸಿಬೇಳೆಭಾತ್ ಪುಡಿ, ಸಾಗು ಮಸಾಲೆಗೆ ಗಸಗಸೆ ಬಿದ್ದಿದೆಯೇ ಅಂತ ಅಮ್ಮನನ್ನು ಕೇಳಿಕೊಳ್ಳಿ. ಬಿದ್ದಿದ್ದರೆ ಅದಿಲ್ಲದೆ ಹೊಸದಾಗಿ ಮಾಡಿಸಿ.

ಬೇಳೆ, ಸೋನಾ ಮಸೂರಿ, ರಾಗಿ ಹಿಟ್ಟು, ಕರಿಬೇವು ಇವೆಲ್ಲ ಇಲ್ಲಿನ ಭಾರತೀಯ ಅಂಗಡಿಗಳ ಬಡಾವಣೆ ಲಿಟಲ್ ಇಂಡಿಯಾದಲ್ಲಿ ಸಿಗುತ್ತವೆ, ಸೂಟ್‌ಕೇಸ್ ತೂಕ ಹಾಳು ಮಾಡಬೇಡಿ. ಮಿಕ್ಸಿ ಮಾತ್ರ ತನ್ನಿ. ಕರೆಂಟು ನಮ್ಮಂತೆಯೇ 230 ವೋಲ್ಟ್, ಚೌಕ ಕಡ್ಡಿಗಳ ಮೂರು ಪಿನ್ ಪ್ಲಗ್ ಹಾಕಿಸಿದರೆ ಆಯಿತು. ಗ್ಯಾಸ್ ಒಲೆ ಬೇಡ, ಇಲ್ಲಿ ಎಷ್ಟೋ ಮನೆಗಳಿಗೆ ಪೈಪಿನಲ್ಲಿ ಬರುವ ಅನಿಲ ಎಲ್‌ಪಿಜಿ ಅಲ್ಲ, ಊರಿನ ಬರ್ನರ್ ಅದಕ್ಕೆ ಹೊಂದುವುದಿಲ್ಲ. ವರ್ಷವಿಡೀ ಸೆಕೆ, ತೇವ. ದೋಸೆ ಹಿಟ್ಟು ಆರೇಳು ಗಂಟೆಯಲ್ಲೇ ಉಕ್ಕುತ್ತದೆ, ಬೆಳಗಿನವರೆಗೆ ಹೊರಗಿಟ್ಟರೆ ಹುಳಿ ಹೊಡೆಯುತ್ತದೆ. ರವೆಗೆ ಹುಳ ಬೀಳದಿರಲು ಫ್ರಿಜ್ ಒಂದೇ ದಾರಿ.

ಈಗ ಮುಖ್ಯ ವಿಷಯ. ಮಲಯ, ಚೀನೀ, ತಮಿಳು, ಪೆರನಾಕನ್ (ಹಿಂದೆ ಬಂದು ನೆಲೆಸಿ ಇಲ್ಲಿನವರಲ್ಲಿ ಬೆರೆತ ಚೀನೀಯರ) ಅಡುಗೆಗಳೆಲ್ಲ ಕಲೆತ ಊರಿದು. ಆದರೆ ಹೊರಗೆ ತರಕಾರಿ ಪದಾರ್ಥ ಅಂತ ಕಂಡದ್ದರಲ್ಲೂ ಬೆಲಾಚಾನ್, ಅಂದರೆ ಸೀಗಡಿ ಹುದುಗಿಸಿ ಮಾಡಿದ ಮುದ್ದೆ, ಅಥವಾ ಒಣ ಸೀಗಡಿ ಅರೆದು ಹಾಕಿರುತ್ತಾರೆ. ಹಲಾಲ್ ಫಲಕಕ್ಕೂ ಸಸ್ಯಾಹಾರಕ್ಕೂ ಸಂಬಂಧವಿಲ್ಲ. ಹಾಗಾಗಿ ಅತ್ತೆಯವರಿಗೆ ಇಲ್ಲಿನ ರುಚಿ ತೋರಿಸಬೇಕಾದರೆ ಮನೆಯಲ್ಲೇ ಮಾಡಬೇಕು. ಮೊದಲು ಸಾಯೂರ್ ಲೋಡೆ ಮಾಡಿ. ಜಾವಾ ಮೂಲದ್ದು, ತೆಂಗಿನ ಹಾಲಿನಲ್ಲಿ ತರಕಾರಿ ಬೇಯಿಸಿದ ತೆಳು ಸಾಗು ಅಂದುಕೊಳ್ಳಿ.

ನಾಲ್ವರಿಗೆ ಅರೆಯಲು: ಸಾಂಬಾರ್ ಈರುಳ್ಳಿ 10, ಬೆಳ್ಳುಳ್ಳಿ 4 ಎಸಳು, ನೆನೆಸಿದ ಬ್ಯಾಡಗಿ 6 (ಇಲ್ಲಿನ ಒಣಮೆಣಸಿನಕಾಯಿ ಖಾರ ಜಾಸ್ತಿ, 4 ಸಾಕು), ಅರಿಸಿನ ಅರ್ಧ ಚಮಚ, ಒಂದಿಂಚು ಲೆಂಗ್ಕುವಾಸ್, 4 ಬುವಾ ಕೆರಾಸ್. ಲೆಂಗ್ಕುವಾಸ್ ನೋಡಲು ಶುಂಠಿಯಂತೆ, ಆದರೆ ಶುಂಠಿ ಹಾಕಿದರೆ ಆ ಪರಿಮಳ ಬರುವುದಿಲ್ಲ. ನಾರು ಜಾಸ್ತಿ, ಅಡ್ಡಡ್ಡ ತೆಳ್ಳಗೆ ಹೆಚ್ಚದಿದ್ದರೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಬುವಾ ಕೆರಾಸ್ ಅನ್ನುವುದು ಗೋಲಿ ಗಾತ್ರದ ಬಿಳಿ ಎಣ್ಣೆಬೀಜ, ಕುರ್ಮಾದಲ್ಲಿ ಗಸಗಸೆ ಮಾಡುವ ಕೆಲಸವನ್ನೇ ಮಾಡುತ್ತದೆ. ಹಸಿಯಾಗಿ ತಿಂದರೆ ಹೊಟ್ಟೆ ಕೆಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ. ಟೆಕ್ಕಾ ಅಥವಾ ಗೇಲಾಂಗ್ ಸೆರಾಯ್ ಮಾರುಕಟ್ಟೆಯಲ್ಲಿ ಕೇಳಿ, ತಂದದ್ದನ್ನು ಫ್ರಿಜ್‌ನಲ್ಲಿಡಿ, ಹೊರಗಿಟ್ಟರೆ ಎಣ್ಣೆ ಕಮಟು ಹಿಡಿಯುತ್ತದೆ.

ಅರೆಯುವಾಗ ನೀರಿನ ಬದಲು ಎರಡು ಚಮಚ ಎಣ್ಣೆ ಹಾಕಿ. ನೀರು ಹಾಕಿದರೆ ಮಸಾಲೆ ಹುರಿಯುವುದಿಲ್ಲ, ಬೇಯುತ್ತದೆ. ಬಾಣಲೆಯಲ್ಲಿ ಇನ್ನೆರಡು ಚಮಚ ಎಣ್ಣೆ, ಬಿಳಿ ಬುಡ ಮಾತ್ರ ಉಳಿಸಿ ಜಜ್ಜಿದ 2 ಮಜ್ಜಿಗೆಹುಲ್ಲಿನ ಕಡ್ಡಿ, ಅರೆದ ಮಸಾಲೆ. ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕೈಯಾಡಿಸಿ. ಈರುಳ್ಳಿಯ ಹಸಿ ವಾಸನೆ ಹೋಗಿ ಅಂಚಿನಲ್ಲಿ ಕೆಂಪೆಣ್ಣೆ ಒಸರಬೇಕು. ಐದೇ ನಿಮಿಷಕ್ಕೆ ಮುಗಿಸಿದವರ ಲೋಡೆ ಎಷ್ಟು ಕುದಿಸಿದರೂ ಹಸಿಹಸಿಯೇ. ಬೆಲಾಚಾನ್ ಜಾಗಕ್ಕೆ ತಾವ್ಚು, ಅಂದರೆ ಹುದುಗಿಸಿದ ಸೋಯಾಕಾಳಿನ ಮುದ್ದೆ, ಒಂದು ಚಮಚ. ಅದೇ ಉಪ್ಪುಪ್ಪು, ಬೇರೆ ಉಪ್ಪು ಕೊನೆಗೆ ರುಚಿ ನೋಡಿಯೇ ಹಾಕಿ.

600 ಮಿಲಿ ನೀರು ಹಾಕಿ ಕುದಿ ಬಂದಾಗ ಮೊದಲು ಕ್ಯಾರೆಟ್, ಉದ್ದ ಅಲಸಂದೆಕಾಯಿ, ಐದು ನಿಮಿಷ ಬಿಟ್ಟು ಎಲೆಕೋಸು. ಬದನೆಯನ್ನು ಬೇರೆಯಾಗಿ ಕರಿದು ಕೊನೆಗೆ ಸೇರಿಸಿ, ಇಲ್ಲದಿದ್ದರೆ ಕಪ್ಪಾಗಿ ಕರಗಿಹೋಗುತ್ತದೆ. ಕರಿದ ತೆಂಪೆ (ಹುದುಗಿಸಿದ ಸೋಯಾಕಾಳಿನ ಬಿಲ್ಲೆ), ತೋಫು (ಸೋಯಾ ಪನೀರ್) ಕೂಡ ಆಗಲೇ. ಉರಿ ತಗ್ಗಿಸಿ 200 ಮಿಲಿ ಪೊಟ್ಟಣದ ತೆಂಗಿನ ಹಾಲು ಹೊಯ್ದು, ಮುಚ್ಚಳ ಮುಚ್ಚದೆ ಐದು ನಿಮಿಷ. ಕೊತಕೊತ ಕುದಿಸಿದರೆ ಒಡೆದು ಮೇಲೆ ಜಿಡ್ಡು ತೇಲುತ್ತದೆ. ಒಗ್ಗರಣೆ ಬೇಡ, ಸಾಸಿವೆ ಕರಿಬೇವು ಬಿತ್ತೋ, ನಮ್ಮ ಮನೆಯ ಸಾಗುವೇ ಆಗಿಬಿಡುತ್ತದೆ.

ಜೊತೆಗೆ ನಾಸಿ ಲೆಮಾಕ್, ಅಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ಮಲಯ ಅನ್ನ. ಎಲೆಕ್ಟ್ರಿಕ್ ಕುಕ್ಕರಿಗೆ 2 ಲೋಟ ಜಾಸ್ಮಿನ್ ಅಕ್ಕಿ, ಒಂದೂಕಾಲು ಲೋಟ ನೀರು, ಮುಕ್ಕಾಲು ಲೋಟ ತೆಂಗಿನ ಹಾಲು, ಉಪ್ಪು, ಗಂಟು ಕಟ್ಟಿದ 3 ಪಾಂಡಾನ್ ಎಲೆ (ಪರಿಮಳಕ್ಕೆ ಹಾಕುವ ಉದ್ದನೆಯ ಹಸಿರೆಲೆ). ಹೆಚ್ಚು ಹಾಲು ಹಾಕಿದರೆ ಇನ್ನೂ ರುಚಿ ಅಂತ ಅನ್ನಿಸುತ್ತದೆ, ಹಾಗೆ ಹಾಕಿದರೆ ತಳ ಸೀಯುತ್ತದೆ, ಮೇಲಿನ ಅಕ್ಕಿ ಬೇಯುವುದಿಲ್ಲ. ಪ್ರೆಷರ್ ಕುಕ್ಕರ್ ಬೇಡ, ಹಾಲು ನೊರೆಯಾಗಿ ವಿಷಲ್ ಕಟ್ಟಿಕೊಳ್ಳುತ್ತದೆ. ಸ್ವಿಚ್ ಹಾರಿದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಟ್ಟು, ಎಲೆ ತೆಗೆದು ಅಡಿಯಿಂದ ಮೇಲಕ್ಕೆ ಕೆದಕಿ.