ನಿಮ್ಮ ತಾತ ಹೇಳಿದ್ದು ನಿಜ, ಕಂಠೀರವ ಇರುವ ಕಡೆ ಕೆರೆ ಇತ್ತು

ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತಾತ ಕಂಠೀರವ ಸ್ಟೇಡಿಯಂ ಕೆರೆ ಮೇಲೆ ಕಟ್ಟಿದ್ದು ಅಂತಿದ್ದರು. ನಿಜವಾ? ಅಶೋಕನಗರದಲ್ಲಿ ಫುಟ್‌ಬಾಲ್‌ಗೇ ಅಂತ ಒಂದು ಸ್ಟೇಡಿಯಂ ಇರುವಾಗ ಬೆಂಗಳೂರು ಎಫ್‌ಸಿ ಯಾಕೆ ಕಂಠೀರವದಲ್ಲಿ ಆಡುತ್ತೆ? ಮಗನನ್ನು ಮೊದಲ ಸಲ ಮ್ಯಾಚಿಗೆ ಕರೆದುಕೊಂಡು ಹೋಗುತ್ತಿದ್ದೇನೆ, ಎಲ್ಲಿ ಕೂತರೆ ಒಳ್ಳೆಯದು?"

ನಿಮ್ಮ ಪತ್ರ ಓದಿ ಖುಷಿಯಾಯಿತು. ತಾತ ಹೇಳಿದ್ದು ನೂರಕ್ಕೆ ನೂರು ನಿಜ. ಅದು ಸಂಪಂಗಿ ಕೆರೆ. ಪಕ್ಕದ ಸಂಪಂಗಿರಾಮನಗರದ ಹೆಸರಲ್ಲಿ ಇವತ್ತಿಗೂ ಉಳಿದಿದೆ ನೋಡಿ. ಒಂದು ಕಾಲಕ್ಕೆ ಪೇಟೆಗೂ ದಂಡಿಗೂ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿಗೂ, ನೀರು ಕೊಟ್ಟ ಕೆರೆ ಅದು, ಸುತ್ತ ತಿಗಳರ ತೋಟಗಳು, ಹೂವು, ತರಕಾರಿ. 1890ರ ದಶಕದಲ್ಲಿ ಹೆಸರಘಟ್ಟದಿಂದ ಪೈಪಿನಲ್ಲಿ ನೀರು ಬಂತು. ಅಲ್ಲಿಂದ ಊರಿಗೆ ಈ ಕೆರೆ ಬೇಡವಾಯಿತು. ತೋಟದವರಿಗೆ ಮಾತ್ರ ಬೇಕಿತ್ತು. ಅವರು ಕೆರೆಯಲ್ಲಿ ನೀರು ನಿಲ್ಲಲಿ ಎನ್ನುತ್ತಿದ್ದರು, ಒಣಗಿದ ಅಂಗಳದಲ್ಲಿ ಪೋಲೊ ಆಡುವವರಿಗೆ ನೀರು ಬೇಡವಾಗಿತ್ತು. ಕೊನೆಗೆ ಗೆದ್ದವರು ತೋಟದವರಲ್ಲ ಅನ್ನೋದು ನಿಮಗೇ ಗೊತ್ತು. ಇದನ್ನು ನೆನಪಿಟ್ಟುಕೊಳ್ಳಿ, ಯಾಕಂದರೆ ಆ ಜಾಗದ ಜಗಳ ಅಲ್ಲಿಗೇ ಮುಗಿಯಲಿಲ್ಲ.

ಕೆರೆ ಪೂರ್ತಿ ಹೋಗಿಲ್ಲ. ಒಂದು ಮೂಲೆಯಲ್ಲಿ ಕಲ್ಯಾಣಿಯಷ್ಟು ಪುಟ್ಟದಾಗಿ ಉಳಿದಿದೆ. ತಿಗಳರ ಕರಗ ಹಬ್ಬದಲ್ಲಿ ಹಸಿ ಕರಗದ ಪೂಜೆಗೆ ಈಗಲೂ ಆ ಸಮುದಾಯದ ವೀರಕುಮಾರರು ಕತ್ತಿ ಹಿಡಿದು ಅಲ್ಲಿಗೇ ಬರುತ್ತಾರೆ. ಕೆರೆ ಕಳಕೊಂಡವರು ಆ ಜಾಗವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. ನನಗೆ ಇಡೀ ಸ್ಟೇಡಿಯಂನಲ್ಲಿ ಎಲ್ಲಕ್ಕಿಂತ ಇಷ್ಟದ ಮೂಲೆ ಅದು.

ಮೈದಾನಕ್ಕೆ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರಿಟ್ಟರು. ಈಗ ನಾವು ನೋಡುವ ರೂಪ ಬಂದದ್ದು 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ. ಅಂದರೆ ಅದು ಮುಖ್ಯವಾಗಿ ಓಟಗಾರರಿಗೆ ಕಟ್ಟಿದ ಜಾಗ. ಡಾ. ರಾಜ್ ಅವರನ್ನು 2006ರಲ್ಲಿ, ಅಪ್ಪುವನ್ನು 2021ರಲ್ಲಿ ಜನ ಕೊನೆಯ ಸಲ ನೋಡಿದ್ದೂ ಅಲ್ಲೇ. ಹಾಗಾಗಿ ಫುಟ್‌ಬಾಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೂ ಆ ಗೇಟು ಗೊತ್ತು.

ಇನ್ನು ಫುಟ್‌ಬಾಲ್ ವಿಷಯ. ಇದು ಮೊನ್ನೆ ಮೊನ್ನೆ ಶುರುವಾದ ಹುಚ್ಚಲ್ಲ. 1937ರಲ್ಲಿ ಬಾಂಬೆಯ ಹಳೆಯ ಫುಟ್‌ಬಾಲ್ ಪಂದ್ಯಾವಳಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್, ಮರುವರ್ಷ ಮತ್ತೆ ಗೆದ್ದರು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿರುವ ಗೌತಮಪುರ, ಇಲ್ಲೆಲ್ಲ ಮಕ್ಕಳು ಕ್ರಿಕೆಟ್ ಬ್ಯಾಟಿಗಿಂತ ಮೊದಲು ಚೆಂಡು ಒದೆಯೋದನ್ನೇ ಕಲಿತರು. ಇವರೆಲ್ಲರ ಮನೆ ಅಶೋಕನಗರದ ಸ್ಟೇಡಿಯಂ. ಐಟಿಐ, ಎಚ್‌ಎಎಲ್ ಕಾರ್ಖಾನೆಗಳ, ಸೇನೆಯ ಎಂಇಜಿಯ ತಂಡಗಳ ಲೀಗ್ ಮ್ಯಾಚುಗಳು ನಡೆದದ್ದು ಅಲ್ಲಿ.

ಬೆಂಗಳೂರು ಎಫ್‌ಸಿ ಕೂಡ ಶುರು ಮಾಡಿದ್ದು ಅಲ್ಲೇ, ಸೆಪ್ಟೆಂಬರ್ 2013ರಲ್ಲಿ, ಮೋಹನ್ ಬಗಾನ್ ವಿರುದ್ಧ 1-1. ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. ಆದರೆ ಅಲ್ಲಿ ಹಿಡಿಸುವುದು ಸುಮಾರು 8 ಸಾವಿರ ಜನ, ಮೇಲಾಗಿ ನೆಲ ಕೃತಕ ಹುಲ್ಲು. ಅದಕ್ಕೇ 2014ರಲ್ಲಿ, ಸುಮಾರು 25 ಸಾವಿರ ಜನ ಹಿಡಿಸುವ, ನಿಜವಾದ ಹುಲ್ಲಿರುವ ಕಂಠೀರವಕ್ಕೆ ಹೋದರು.

ಆಮೇಲೆ ನಡೆದದ್ದನ್ನು ನಾನು ಸಾಯೋತನಕ ಮರೆಯಲ್ಲ. 19 ಅಕ್ಟೋಬರ್ 2016, ಏಷ್ಯಾದ ಕ್ಲಬ್ಬುಗಳು ಆಡುತ್ತಿದ್ದ ಎಎಫ್‌ಸಿ ಕಪ್ ಸೆಮಿಫೈನಲ್. ಎದುರಿಗೆ ಹಿಂದಿನ ವರ್ಷ ಕಪ್ ಗೆದ್ದಿದ್ದ ಮಲೇಷ್ಯಾದ ಜೊಹೊರ್. ಹನ್ನೊಂದನೇ ನಿಮಿಷಕ್ಕೇ ಅವರು ಗೋಲು ಹೊಡೆದರು. ಹಾಫ್ ಟೈಮಿಗೆ ಮುಂಚೆ ನಮ್ಮ ಕ್ಯಾಪ್ಟನ್ ಸುನಿಲ್ ಚೆಟ್ರಿ ತಲೆಕೊಟ್ಟು ಸಮ ಮಾಡಿದ. ಆಮೇಲೆ ದೂರದಿಂದ ಒಂದು ಒದ್ದ ನೋಡಿ, ಚೆಂಡು ಬಲೆ ಸೇರಿದ ಮೇಲೆ ಅರೆಕ್ಷಣ ಯಾರಿಗೂ ಕೂಗೋಕೂ ಆಗಲಿಲ್ಲ. ನಮ್ಮ ತಂಡದ ಹುವಾನಾನ್ ಮೂರನೆಯದು ಹಾಕಿದಾಗ ನನ್ನ ಪಕ್ಕದಲ್ಲಿದ್ದ ಮುದುಕರೊಬ್ಬರು ಮಾತೇ ಆಡದೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್‌ಗೆ ಹೋಗಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದು ಗೋಲಿನಿಂದ ಸೋತರು, ಇರಲಿ.

ಆದರೆ ಅದೇ ಹುಲ್ಲಿಗಾಗಿ ಅಥ್ಲೀಟುಗಳಿಗೂ ಕ್ಲಬ್ಬಿಗೂ ತಿಕ್ಕಾಟ ನಡೆಯಿತು, ಕೋರ್ಟಿಗೂ ಹೋಯಿತು. ಜಾವೆಲಿನ್ ನೆಟ್ಟರೆ ಹುಲ್ಲು ಹಾಳು ಅಂತ ಕ್ಲಬ್ಬಿನವರು, ನಮ್ಮ ಪ್ರಾಕ್ಟೀಸ್ ಮೈದಾನ ನಮಗೇ ಇಲ್ಲ ಅಂತ ಅಥ್ಲೀಟುಗಳು. ನಾನು ಫುಟ್‌ಬಾಲ್ ಕಡೆಯವನು, ಆದರೂ ಇಲ್ಲಿ ನ್ಯಾಯ ಓಟಗಾರರ ಕಡೆಗೇ ಜಾಸ್ತಿ ಇದೆ ಅನ್ನಿಸುತ್ತದೆ. ಬೆಳಗಿನ ಚಳಿಯಲ್ಲಿ ಬಂದು ಓಡುವ ಹುಡುಗಿಗೆ ಬೇರೆ ಎಲ್ಲಿ ಟ್ರ್ಯಾಕ್ ಇದೆ ಹೇಳಿ? ಇಷ್ಟು ದೊಡ್ಡ ಊರು ಫುಟ್‌ಬಾಲಿಗೆ ಅಂತಲೇ ಒಂದು ದೊಡ್ಡ ಮೈದಾನ ಕಟ್ಟಬೇಕಿತ್ತು. ಕಟ್ಟಲಿಲ್ಲ. ಅದಕ್ಕೇ ಇಬ್ಬರೂ ಒಂದೇ ಚಾಪೆ ಎಳೆದಾಡುವ ಹಾಗಾಗಿದೆ.

ಎಲ್ಲಿ ಕೂರಬೇಕು ಅಂತ ಕೇಳಿದ್ದೀರಿ. ನಡುವೆ ಓಟದ ಟ್ರ್ಯಾಕ್ ಇರುವುದರಿಂದ ಎಲ್ಲಿ ಕೂತರೂ ಆಟ ಸ್ವಲ್ಪ ದೂರವೇ. ಕೆಳಗಿನ ಸಾಲು ಬೇಡ, ಮೇಲೆ ಹೋಗಿ, ಇಡೀ ಮೈದಾನ ಕಾಣುತ್ತದೆ. ಮಗನಿಗೆ ಗದ್ದಲ ಇಷ್ಟವಾದರೆ ಕ್ಲಬ್ಬಿನ ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ಪಕ್ಕ ಕೂರಿಸಿ, ತೊಂಬತ್ತು ನಿಮಿಷವೂ ಹಾಡು, ಡೋಲು ನಿಲ್ಲೋದಿಲ್ಲ. ಒಂದು ಗಂಟೆ ಮುಂಚೆಯೇ ಹೋಗಿ. ಒಳಗೆ ಹೋಗುವ ಮೊದಲು ಅವನಿಗೆ ಆ ಪುಟ್ಟ ಕೆರೆ ತೋರಿಸಿ, ನಿಮ್ಮ ತಾತನ ಮಾತು ಅಲ್ಲೇ ನಿಂತು ಹೇಳಿ.